ನೀಮಾ ಉಂಡೆದ್ದ ಮೇಲೆ

ಈ ಸಲದ ಸೊಗಡವರೆ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಬಂದಿದೆ. ನಿನ್ನೆ ಸಂಜೆ ಕೊತ್ತಂಬರಿ ಸೊಪ್ಪು ತರಲು ಹೋದವಳು, ಗೋಣಿಚೀಲದ ಮೇಲೆ ಸುರಿದಿದ್ದ ಕಾಯಿಯ ರಾಶಿಯ ಮುಂದೆ ನಿಂತುಬಿಟ್ಟೆ. ಇಬ್ಬನಿ ಕುಡಿದ ಅವರೆಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಹೊರಗಿನಿಂದ ಬಂದವರು ಮೂಗು ಮುರಿಯುತ್ತಾರೆ. ನಮಗೋ ಅದು ಕೈಗೆ ಅಂಟಿಕೊಳ್ಳದೆ ಚಳಿಗಾಲ ಶುರುವಾದ ಹಾಗೇ ಇಲ್ಲ. ಮಾರುವ ಹೆಂಗಸು "ಎಷ್ಟಾಕ್ಲಿ ಮೇಡಂ?" ಅಂತ ತಕ್ಕಡಿ ಎತ್ತಿದಳು. ಏನೂ ಕೊಳ್ಳದೆ ಮನೆಗೆ ಬಂದೆ. ಅಕ್ಕ ಇಲ್ಲದ ಮೊದಲನೇ ಅವರೆ ಕಾಲ ಇದು.

ಅಕ್ಕ ನೆನಪಾದರೆ ಹಿಂದೆಯೇ ನೀಮಾ ನೆನಪಾಗುತ್ತಾಳೆ. ಅವಳು ನಮ್ಮ ಜೊತೆ ಇದ್ದದ್ದು ಕೆಲವು ವರ್ಷಗಳ ಹಿಂದೆ, ಒಂದೇ ಒಂದು ಅವರೆ ಕಾಲ, ಕಾರ್ತಿಕದಿಂದ ಸಂಕ್ರಾಂತಿಯವರೆಗೆ. ಅಷ್ಟರಲ್ಲೇ ಮನೆಯಲ್ಲಿ ಹುಟ್ಟಿ ಬೆಳೆದವಳ ಹಾಗೆ ಆಗಿಬಿಟ್ಟಿದ್ದಳು.

ನನ್ನ ಅಕ್ಕ ನಾರಾಯಣಮ್ಮ ಬೇತಮಂಗಲದ ಹತ್ತಿರದ ಹಳ್ಳಿಯಲ್ಲಿ ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿಕೊಂಡು ಬಾಳಿದವಳು. ಭಾವ ಮುನಿರಾಜಪ್ಪ ಕೆ.ಜಿ.ಎಫ್‌.ನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಾನು ಪೇಟೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತೇನೆ. ಆ ವರ್ಷ ತಾಂಜಾನಿಯಾ ದೇಶದಿಂದ ಒಂದಷ್ಟು ವಿದ್ಯಾರ್ಥಿಗಳು ತಮ್ಮ ಮೇಷ್ಟ್ರ ಜೊತೆ ನಮ್ಮೂರಿಗೆ ಓದಲು ಬಂದರು. ಅವರದ್ದೂ ಚಿನ್ನದ ಗಣಿಯ ಸೀಮೆಯೇ. ಅಲ್ಲಿ ಇನ್ನೂ ಚಿನ್ನ ಸಿಗುತ್ತಿದೆ. ಅದು ಮುಗಿದ ಮೇಲೆ ಊರಿನ ಗತಿ ಏನಾಗುತ್ತದೆ ಅಂತ ಈಗಲೇ ನೋಡಿಕೊಂಡು ಹೋಗೋಣ ಅಂತ ಬಂದವರು. ಅದಕ್ಕೆ ನಮ್ಮೂರಿಗಿಂತ ಒಳ್ಳೆಯ ಊರು ಅವರಿಗೆ ಎಲ್ಲಿ ಸಿಗಬೇಕು! ಗಣಿ ಮುಚ್ಚಿದ ಕೋರಮಂಡಲ್ ಕಡೆ ಬಾಗಿಲು ಕಿತ್ತುಹೋದ ಮನೆಗಳ ನಡುವೆ ಅವರನ್ನು ಕರೆದುಕೊಂಡು ತಿರುಗುವ, ಅವರಿಗೆ ಉಳಿದುಕೊಳ್ಳಲು ಮನೆಗಳನ್ನು ಹುಡುಕಿಕೊಡುವ ಕೆಲಸ ನನ್ನ ತಲೆಗೆ ಬಿತ್ತು. ಎಲ್ಲರಿಗೂ ಪೇಟೆಯಲ್ಲೇ ಮನೆ ಸಿಕ್ಕಿತು. ನೀಮಾ ಮಾತ್ರ ಹಳ್ಳಿಯೇ ಬೇಕು ಅಂದಳು. ಅಕ್ಕನನ್ನು ಕೇಳಿದೆ. "ಮುದ್ದೆ ಉಣ್ತಾಳಾ ಕೇಳು. ಉಣ್ಣೋಳಾದ್ರೆ ಕರ್ಕೊಂಡ್ ಬಾ," ಅಂದಳು.

ಉಣ್ಣುವುದೇನು, ಬಂದ ದಿನವೇ ಅಕ್ಕನ ಕೈಯಿಂದ ಕೋಲು ಕಿತ್ತುಕೊಂಡು ಗಂಟಿಲ್ಲದ ಹಾಗೆ ಮುದ್ದೆ ತಿರುವಿದಳು. ಅವರಲ್ಲೂ ರಾಗಿ ಬೆಳೆಯುತ್ತಾರಂತೆ. ಅವಳ ತಾಯಿ ಗಣಿಯ ಹತ್ತಿರದ ಬಸ್ ಸ್ಟ್ಯಾಂಡಿನಲ್ಲಿ ರಾಗಿಗಂಜಿ ಮಾರಿ ಮಕ್ಕಳನ್ನು ಓದಿಸಿದವಳು. ಗೊತ್ತಾದದ್ದೇ ತಡ, ಅಕ್ಕ ಆ ತಾಯಿಯನ್ನು ನೋಡಲೇಬೇಕು ಅಂತ ಹಟ ಹಿಡಿದಳು. ನೀಮಾ ಫೋನಿನಲ್ಲಿ ತೋರಿಸಿದಳು. ಅಕ್ಕ ಕನ್ನಡದಲ್ಲಿ, ಅವರು ಅವರ ಭಾಷೆಯಲ್ಲಿ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಅರ್ಧ ಗಂಟೆ ಹರಟೆ. ಅಕ್ಕ ಫೋನನ್ನು ಕೊಟ್ಟಿಗೆಗೆ ಒಯ್ದು ಹಸುವಿನ ಕೆಚ್ಚಲು ತೋರಿಸಿದಳು, ಆ ತಾಯಿ ಗಂಜಿಯ ಪಾತ್ರೆ ತೋರಿಸಿದಳು. ಅವತ್ತಿನಿಂದ ಅಕ್ಕನ ಬಾಯಲ್ಲಿ ಅವರು "ಗಂಜಿ ಯಮ್ಮ" ಆದರು. ವಾರಕ್ಕೊಂದು ಸಲ ಗಂಜಿ ಯಮ್ಮನ ಮುಖ ನೋಡದಿದ್ದರೆ ಇವಳಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

ನೀಮಾ ಅಕ್ಕನನ್ನು ದೊಡ್ಡಮ್ಮ ಅಂತಲೂ ನನ್ನನ್ನು ಚಿಕ್ಕಮ್ಮ ಅಂತಲೂ ಕರೆಯಲು ಕಲಿತಳು. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಅಕ್ಕ, ನೀಮಾ ಇಬ್ಬರೂ ನೆನೆಸಿದ ಅವರೆಯ ಪಾತ್ರೆ ಮುಂದಿಟ್ಟುಕೊಂಡು ಸಿಪ್ಪೆ ಬಿಡುವಂತೆ ಕಾಳು ಹಿತಕುತ್ತ ಕೂರುವರು. ನೀಮಾ ಹಿತಕಿದ ಬೇಳೆ ಮೊದಮೊದಲು ಹಾರಿ ಭಾವನ ಮೂತಿಗೇ ಬಡಿಯುತ್ತಿತ್ತು. "ಇವ್ಳೇನೇ, ಬೇಳೆ ಇತುಕ್ತಾಳೋ ಗುಂಡು ಒಡೀತಾಳೋ!" ಅಂತ ಅವರು ರೇಗಿಸುವರು. ಅವಳ ಓದಿನ ಪ್ರಶ್ನೆಗಳೂ ಅಲ್ಲೇ. ಚಿನ್ನ ಮುಗಿದ ಮೇಲೆ ನೀವೇನು ಮಾಡಿದಿರಿ ಅಂತ ಒಮ್ಮೆ ಕೇಳಿದಳು. ಅಕ್ಕ ಕೈ ನಿಲ್ಲಿಸಲೇ ಇಲ್ಲ. "ಚಿನ್ನ ಯಾವತ್ತಮ್ಮಣ್ಣಿ ನಮ್ದಾಗಿತ್ತು? ಕೊಟ್ಟಿಗೇಲಿರೋ ಅಸ ನಮ್ದು. ಅದು ಅವತ್ತೂ ಇತ್ತು, ಇವತ್ತೂ ಐತೆ," ಅಂದಳು. ನೀಮಾ ಅದನ್ನು ತಿರುಗಿಸಿ ತಿರುಗಿಸಿ ಹೇಳಿಕೊಂಡು ನಕ್ಕಳು.

ಧನುರ್ಮಾಸದ ಚಳಿಯಲ್ಲಿ ಒಂದು ಎಳೆಗರು ಸತ್ತಿತು. ನೀಮಾ ಅದನ್ನು ತಟ್ಟಿ ತಟ್ಟಿ ಎಬ್ಬಿಸಲು ನೋಡುತ್ತಿದ್ದಳು. "ಸತ್ತೋಯ್ತು ಬಿಡಮ್ಮಣ್ಣಿ," ಅಂತ ಅಕ್ಕ ಅವಳ ಕೈ ಹಿಡಿದು ಎಬ್ಬಿಸಿದಳು. ಆ ಮಾತನ್ನು ಅವಳು ಕಲಿತದ್ದು ಹಾಗೆ.

ಹೊರಡುವ ದಿನ ಹತ್ತಿರ ಬಂದಂತೆ ಅಕ್ಕನಿಗೆ ಒಂದೇ ಯೋಚನೆ. ನೀಮಾಗೆ ಮಡಿಲಕ್ಕಿ ತುಂಬಿ ಕಳಿಸಬೇಕು. ಅಕ್ಕನಿಗೆ ಇಬ್ಬರು ಗಂಡುಮಕ್ಕಳು, ಅದೇ ಬೀದಿಯಲ್ಲಿ ಬೇರೆ ಮನೆ ಮಾಡಿಕೊಂಡಿದ್ದಾರೆ. ಹೆಣ್ಣು ಹುಟ್ಟಲಿಲ್ಲ. ತವರಿಂದ ಹೊರಟ ಮಗಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಸುರಿದು ಕಳಿಸುವ ಸುಖ ಅವಳು ಕಂಡವಳಲ್ಲ. ಊರಿನ ಬೇರೆ ಮನೆಗಳಲ್ಲಿ ಮಗಳು ಗಂಡನ ಮನೆಗೆ ಹೊರಟಾಗ ಇವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದ ರೀತಿಯನ್ನು ನಾನು ಕಂಡಿದ್ದೇನೆ. "ಮದ್ವೆ ಆಗ್ದಿರೋ ಉಡ್ಗೀಗೆ ಮಡ್ಲಕ್ಕಿ ತುಂಬ್ತಾರೇನೇ?" ಅಂತ ಭಾವ ಕೇಳಿದರು. "ಸಮುದ್ರ ದಾಟಿ ಓಗೋಳ್ಗೆ ಮದ್ವೆ ಆದ್ರೇನು, ಬಿಟ್ರೇನು? ಸುಮ್ಕಿರು ನೀನು," ಅಂತ ಅವರ ಬಾಯಿ ಮುಚ್ಚಿಸಿದಳು. ಪೇಟೆಗೆ ಬಂದು ನನ್ನನ್ನು ಅಂಗಡಿ ಅಂಗಡಿ ಅಲೆಸಿ ಹಸಿರು ರವಿಕೆ ಕಣ, ಗಾಜಿನ ಬಳೆ ಕೊಂಡಳು. ಗಂಜಿ ಯಮ್ಮನಿಗೆ ಅಂತ ಕೆಂಪಂಚಿನ ಹಳದಿ ಸೀರೆಯನ್ನೂ ಕೊಂಡಳು. ಹೊರಡುವ ಹಿಂದಿನ ಸಂಜೆಯೇ ಸೀರೆಯನ್ನು ನೀಮಾಗೆ ಕೊಟ್ಟು, ಮಿಕ್ಕದ್ದೆಲ್ಲ ಮೊರಕ್ಕೆ ಜೋಡಿಸಿ ದೇವರ ಮುಂದೆ ಇಟ್ಟಿದ್ದಳು.

ಹೊರಡುವ ದಿನ ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಅವರ ಮೇಷ್ಟ್ರು ನಮ್ಮ ಮನೆ ಬಾಗಿಲಿಗೆ ಬಂದರು. ಎತ್ತರದ, ಹಸನ್ಮುಖದ ಮನುಷ್ಯ. ಅವತ್ತು ಮುಖದಲ್ಲಿ ಕಳೆ ಇರಲಿಲ್ಲ. ನೀಮಾಳ ತಾಯಿ ರಾತ್ರಿ ತೀರಿಕೊಂಡರು ಅಂದರು. ಮಲಗಿದವರು ಏಳಲಿಲ್ಲವಂತೆ. ಅವಳ ಅಣ್ಣ ಫೋನ್ ಮಾಡಿ, ಊರು ಮುಟ್ಟುವವರೆಗೆ ಅವಳಿಗೆ ಹೇಳಬೇಡಿ, ಅಷ್ಟು ದೂರ ಆ ದುಃಖ ಹೊತ್ತುಕೊಂಡು ಹೇಗೆ ಬರುತ್ತಾಳೆ ಅಂತ ಕೇಳಿಕೊಂಡಿದ್ದನಂತೆ. ಮೇಷ್ಟ್ರಿಗೂ ಅದೇ ಸರಿ ಅನ್ನಿಸಿತ್ತು. "ನೀವು ಎಂದಿನ ಹಾಗೆ ಹೋಗಿ ಅವಳನ್ನು ಬಂಗಾರಪೇಟೆ ಸ್ಟೇಷನ್ನಿಗೆ ಕರೆದುಕೊಂಡು ಬನ್ನಿ. ಮುಖದಲ್ಲಿ ಏನೂ ತೋರಿಸಬೇಡಿ," ಅಂದರು.

ಹಳ್ಳಿಗೆ ಹೋದಾಗ ನೀಮಾ ಒಳಗೆ ಪೆಟ್ಟಿಗೆ ಕಟ್ಟುತ್ತಿದ್ದಳು, ಹಾಡು ಗುನುಗುತ್ತಿದ್ದಳು. ನಾನು ನೇರ ಕೊಟ್ಟಿಗೆಗೆ ಹೋದೆ. ಅಕ್ಕ ಬೂಸಾ ಕಲಸುತ್ತಿದ್ದಳು. ಮೆಲ್ಲಗೆ ಹೇಳಿದೆ. ಅವಳ ಕೈ ಬಕೆಟ್ಟಿನಲ್ಲೇ ನಿಂತುಹೋಯಿತು.

"ಆ ಯಮ್ಮಾನಾ? ನಮ್ ಗಂಜಿ ಯಮ್ಮಾನಾ?"

ಹೂಂ ಅಂದೆ. ಅಣ್ಣ ಹೇಳಬೇಡಿ ಅಂದಿದ್ದಾನೆ, ಮೇಷ್ಟ್ರೂ ಹೇಳಬೇಡಿ ಅಂದಿದ್ದಾರೆ ಅಂದೆ. ಅವಳ ತಲೆಯಲ್ಲಿ ಏನು ಓಡುತ್ತಿದೆ ಅಂತ ನನಗೆ ಗೊತ್ತಿತ್ತು.

ನಮ್ಮಮ್ಮ ಬಂಗಾರಪೇಟೆಯ ಹತ್ತಿರದ ನಮ್ಮೂರಿನಲ್ಲಿ ತೀರಿಕೊಂಡಾಗ ಅಕ್ಕನಿಗೆ ಹೇಳಿಕಳಿಸಿದ್ದು, "ಅಮ್ಮಂಗೆ ಜ್ವರ ಜಾಸ್ತಿ ಆಗೈತೆ, ಬಂದ್ ನೋಡ್ಕೊಂಡು ಓಗು" ಅಂತ. ನಮ್ಮ ಕಡೆ ಸಾವಿನ ಸುದ್ದಿ ಹೋಗುವುದೇ ಹಾಗೆ. ಹೆಣ್ಣುಮಕ್ಕಳಿಗಂತೂ ಯಾರೂ ನಿಜ ಹೇಳುವುದಿಲ್ಲ. ದಾರಿಯಲ್ಲಿ ಏನಾದರೂ ಆದೀತು ಅನ್ನುವ ಭಯ, ಹೇಳುವವರಿಗೂ ಬಾಯಿ ಬರುವುದಿಲ್ಲ. ಅಕ್ಕ ನಂಬಿದಳು. ತಾನು ಉಣ್ಣದೆ, ಜ್ವರದ ಬಾಯಿಗೆ ಹಿತವಾಗಲಿ ಅಂತ ಮೆಣಸು ಹಾಕಿ ಬೇಳೆ ಕಟ್ಟಿನ ಸಾರು ಮಾಡಿ, ಕ್ಯಾರಿಯರ್‌ನಲ್ಲಿ ತುಂಬಿಕೊಂಡು ಬಸ್ಸು ಹತ್ತಿದಳು. ಪಕ್ಕದಲ್ಲಿ ಯಾರೋ ಪರಿಚಯದವರು, ದಾರಿಯುದ್ದಕ್ಕೂ ಮಾತು, ನಗು. ಬೀದಿ ತಿರುಗಿದಾಗ ತಮಟೆ ಕೇಳಿಸಿತು. ಕ್ಯಾರಿಯರ್ ಕೈಯಲ್ಲಿ ಹಾಗೇ ಹಿಡಿದುಕೊಂಡು ಬಂದು ಅಮ್ಮನ ಮುಂದೆ ನಿಂತಳು. ಎಷ್ಟೋ ವರ್ಷ ಕಳೆದ ಮೇಲೂ ಅದನ್ನೇ ಹೇಳುವಳು. "ಬಸ್ಸಲ್ಲಿ ನಕ್ಕೊಂಡ್ ಬಂದ್ನಲ್ಲೇ. ನಮ್ಮಮ್ಮ ಎಣ ಆಗಿ ಮನ್ಗಿದ್ಲು, ನಾನು ನಕ್ಕೊಂಡ್ ಬಂದೆ." ಇನ್ನು ಯಾರನ್ನು ಕ್ಷಮಿಸಿದಳೋ, ಆ ಸುಳ್ಳನ್ನು ಮಾತ್ರ ಅಕ್ಕ ಕ್ಷಮಿಸಲಿಲ್ಲ.

ಈಗ ಅವಳು ಕೈ ತೊಳೆದುಕೊಂಡು ದೇವರ ಮನೆಯ ಕಡೆ ನೋಡಿದಳು. ಅಲ್ಲಿ ಮೊರ ಇತ್ತು.

"ಸುದ್ದಿ ಏಳ್ದಿದ್ರೆ ಮಡ್ಲು ತುಂಬ್ಬೋದು. ಏಳಿದ್ರೆ ಸೂತಕ. ತುಂಬಂಗಿಲ್ಲ."

"ಮೊದಲು ತುಂಬಿಸಿ ಕಳಿಸಕ್ಕ," ಅಂದೆ. "ಅವಳಿಗೆ ಸೂತಕ ಗೀತಕ ಏನು ಗೊತ್ತು?"

"ಅವ್ಳ್ಗೆ ಗೊತ್ತಿಲ್ದಿದ್ರೆ ನಂಗೊತ್ತಲ್ಲೇ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ಯಮ್ಮ ನನ್ ಕುಟ್ಟೆ ಮಾತಾಡವ್ಳೆ. ನನ್ನ ನಂಬ್ಕೊಂಡು ಮಗಳ್ನ ಬಿಟ್ಟವ್ಳೆ. ಅವಳ್ ಸಾವ್ನ ಅವಳ್ ಮಗಳ್ಗೆ ಬಚ್ಚಿಡ್ಲಾ? ಈ ಉಡ್ಗಿ ಸೀರೆ ಇಡ್ಕೊಂಡು ನಕ್ಕೊಂಡ್ ಓಗಿ ಇಳೀಲಾ ಅಲ್ಲಿ?"

ಅವಳು ಸೀದಾ ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಎಸರಿಟ್ಟಳು. ಹಿತಕಿದ ಬೇಳೆ ಸಾರು ಬೆಳಿಗ್ಗೆಯೇ ಆಗಿತ್ತು. ಮುದ್ದೆ ತಾನೇ ತಿರುವಿದಳು, ಬೆಣ್ಣೆ ತೆಗೆದಿಟ್ಟಳು, ಇನ್ನೂ ಊಟದ ಹೊತ್ತಾಗದಿದ್ದರೂ ನೀಮಾಳನ್ನು ಕೂಗಿ ತಟ್ಟೆ ಹಾಕಿದಳು. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಕೈ ಬಾಯಿಗೆ ಹೋಗುವುದಿಲ್ಲ ಅನ್ನುವುದನ್ನು ಅವಳು ಕ್ಯಾರಿಯರ್ ಹಿಡಿದು ನಿಂತ ದಿನವೇ ಕಲಿತಿದ್ದಳು.

ನೀಮಾ ಹಳದಿ ಸೀರೆಯನ್ನು ಎತ್ತಿಕೊಂಡೇ ಬಂದಳು. "ದೊಡ್ಡಮ್ಮ, ಇದು ನಮ್ಮಮ್ಮಂಗೆ ಎಂಗೆ ಉಡ್ಸೋದು? ತೋರ್ಸಿ."

"ಮೊದ್ಲು ಉಣ್ಣು," ಅಂದಳು ಅಕ್ಕ. "ಆಮ್ಯಾಕೆ ಮಾತಾಡಾನ."

ನೀಮಾ ಉಂಡಳು. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವುದನ್ನು ನನಗೇ ತೋರಿಸಿಕೊಟ್ಟಳು. ಅಮ್ಮನಿಗೆ ಅಂತ ಹುರಿದ ಹಿತಕಿದ ಬೇಳೆ ಡಬ್ಬಿಗೆ ತುಂಬಿದ್ದೇನೆ, ಅವಳ ಹಲ್ಲಿಗೆ ಅದು ನುರಿಯುತ್ತೋ ಇಲ್ಲವೋ ಅಂತ ನಕ್ಕಳು. ಅಕ್ಕ ಮತ್ತೊಂದು ಸೌಟು ಸಾರು ಬಡಿಸಿದಳು. ಅಕ್ಕನಿಂದ ಸುದ್ದಿ ತಿಳಿದಿದ್ದ ಭಾವ ತಟ್ಟೆ ಬಿಟ್ಟು ಎದ್ದು ಹೊರಗೆ ಹೋದರು. ನಾನು ನೆಲ ನೋಡುತ್ತ ಕುಳಿತಿದ್ದೆ. ಅಷ್ಟು ಉದ್ದದ ಊಟವನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ.

ಕೊನೆಯ ತುತ್ತು ಇಳಿದು, ಮಜ್ಜಿಗೆ ಕುಡಿದು, ಕೈ ತೊಳೆದು ಬಂದವಳ ಕೈಯನ್ನು ಅಕ್ಕ ತನ್ನ ಸೆರಗಿನಲ್ಲಿ ಒರೆಸಿದಳು. ಜಗಲಿಯ ಮೇಲೆ ಕೂರಿಸಿಕೊಂಡಳು. ನಾನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದೆ. ಬೇಡ ಅಂತ ಕೈ ಅಡ್ಡ ಹಿಡಿದಳು. ತೀರಿಕೊಂಡರು, ದೇವರ ಪಾದ ಸೇರಿದರು ಅಂತ ನಾವು ಮನುಷ್ಯರಿಗೆ ಹೇಳುವ ಮಾತು ಒಂದೂ ನೀಮಾಗೆ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಕರುವಿಗೆ ಹೇಳಿದ ಮಾತೊಂದೇ. ಅಕ್ಕ ಅದನ್ನೇ ಹೇಳಬೇಕಾಯಿತು.

"ನಿಮ್ಮಮ್ಮ ಸತ್ತೋದ್ರು ಕಣಮ್ಮಣ್ಣಿ. ರಾತ್ರಿ. ಮನ್ಗಿದ್ದೋರು ಏಳ್ಲಿಲ್ವಂತೆ."

ನೀಮಾ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. "ಕರು..." ಅಂದಳು. "ಕರು ಅಂಗಾ?" ಅಕ್ಕ ಹೂಂ ಅನ್ನುವಷ್ಟರಲ್ಲಿ ಅವಳ ಬಾಯಿಂದ ಬಂದ ಕೂಗು ಈಗಲೂ ನನ್ನ ಎದೆಯಲ್ಲಿದೆ. ಅಕ್ಕ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, "ಅಳು ಕಂದ, ಅಳು," ಅಂದಳೇ ಹೊರತು ಒಂದು ಸಲವೂ ಸುಮ್ಮನಿರು ಅನ್ನಲಿಲ್ಲ. ಭಾವ ಬಾಗಿಲಲ್ಲಿ ನಿಂತು ತಾವೂ ಅಳುತ್ತ, "‘ನಾನೇ ನಿನ್ನಮ್ಮ’ ಅಂತ ಅವ್ಳ್ಗೆ ಅನ್ನೇ, ಸಮಾಧಾನ ಆಗ್ಲಿ," ಅಂದರು. ಅಕ್ಕ ಅವರ ಮೇಲೆ ರೇಗಿಬಿದ್ದಳು. "ಅಮ್ಮನ್ ಜಾಗಕ್ಕೆ ಯಾರಾದ್ರೂ ಬತ್ತಾರಾ? ನಮ್ಮಮ್ಮ ಓದ್ಮ್ಯಾಕೆ ಯಾರ್ ಬಂದ್ರು ನಂಗೆ?"

ಸ್ವಲ್ಪ ಹೊತ್ತಿನ ಮೇಲೆ ನೀಮಾ ಫೋನ್ ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಅಣ್ಣನ ಜೊತೆ ಮಾತಾಡಿದಳು. ಒಂದು ಮಾತೂ ತಿಳಿಯದಿದ್ದರೂ ಜಗಳವಾಡುತ್ತಿದ್ದಾಳೆ ಅಂತ ಮಾತ್ರ ತಿಳಿಯುತ್ತಿತ್ತು. ಮಾರನೇ ದಿನವೇ ಮಣ್ಣು ಮಾಡುವವರಿದ್ದರಂತೆ. ನಾನು ಬರುವವರೆಗೆ ಅಮ್ಮನ ಮುಖ ಮುಚ್ಚಬೇಡಿ ಅಂತ ಹಟ ಹಿಡಿದು ಒಪ್ಪಿಸಿದಳು. ಕಾಯುತ್ತಾರೆ ಅಂತ ನಮಗೆ ಹೇಳಿದಾಗ ಅವಳ ದನಿ ಒಣಗಿಹೋಗಿತ್ತು.

ಅಕ್ಕ ಹಂಡೆಯ ನೀರು ತೋಡಿ ಬಚ್ಚಲಲ್ಲಿ ಅವಳ ತಲೆಯ ಮೇಲೆ ಹುಯ್ದಳು. ಸುದ್ದಿ ಕೇಳಿದ ಮಗಳಿಗೆ ಆಗಬೇಕಾದದ್ದು ಅದು. ಸಣ್ಣಸಣ್ಣ ಜಡೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನ್ನು ಒಂದೊಂದಾಗಿ ಒರೆಸಿದಳು. ದೇವರ ಮನೆಯ ಬಾಗಿಲು ಎಳೆದುಕೊಂಡಳು. ಮೊರ ಒಳಗೇ ಉಳಿಯಿತು.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮೇಷ್ಟ್ರು ನೀಮಾಳ ಮುಖ ಕಂಡವರೇ ನನ್ನ ಕಡೆ ತಿರುಗಿದರು. ಏನೋ ಹೇಳಲು ಹೊರಟವರು ಅಕ್ಕನನ್ನು ನೋಡಿ ತಾವೇ ನೀಮಾಳ ಪೆಟ್ಟಿಗೆ ಎತ್ತಿಕೊಂಡರು. ಮಿಕ್ಕ ಹುಡುಗರು ಹೂವಿನ ಹಾರ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದವರು ಒಬ್ಬೊಬ್ಬರಾಗಿ ಹಾರ ತೆಗೆದರು. ಬೆಂಗಳೂರಿನ ರೈಲು ಬಂತು. ನೀಮಾ ಸೀರೆಯ ಪೊಟ್ಟಣವನ್ನು ಎದೆಗವಚಿಕೊಂಡು ಹತ್ತಿದಳು. ಬಾಗಿಲಲ್ಲಿ ನಿಂತು, ಕಲಿತ ಅಭ್ಯಾಸಕ್ಕೆ, "ಓಗ್ಬತ್ತೀನಿ ದೊಡ್ಡಮ್ಮ," ಅಂದಳು. ಸಾವಾದ ದಿನ ಆ ಮಾತನ್ನು ಯಾರೂ ಆಡುವುದಿಲ್ಲ. ಅಕ್ಕ, "ಬಾರಮ್ಮಣ್ಣಿ," ಅಂದಳು.

ರೈಲು ಕಣ್ಮರೆಯಾದ ಮೇಲೂ ಅಕ್ಕ ಅಲ್ಲೇ ನಿಂತಿದ್ದಳು. "ಸರಿ ಮಾಡುದ್ನಾ, ಕೆಡಿಸ್ಬುಟ್ನಾ?" ಅಂತ ಅವಳೇ ಕೇಳಿದಳು.

ಉತ್ತರ ಬಂದದ್ದು ಆ ವಾರದ ಕೊನೆಗೆ, ನೀಮಾಳ ಫೋನಿನಲ್ಲಿ. ಅವಳು ಹೋಗುವವರೆಗೂ ಕಾದಿದ್ದರು. ಅಮ್ಮನ ಮುಖ ನೋಡಿದಳು, ಕೈ ಹಿಡಿದು ಕೂತಳು. ಕೆಂಪಂಚಿನ ಸೀರೆಯನ್ನು ತಾನೇ ಅಮ್ಮನಿಗೆ ಹೊದಿಸಿದಳು. ಅದು ಅಮ್ಮನ ಜೊತೆಗೇ ಮಣ್ಣಿಗೆ ಹೋಯಿತು. ನಾನು ಇದನ್ನು ಕನ್ನಡದಲ್ಲಿ ಹೇಳುತ್ತಾ ಹೋದಂತೆ, ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅಕ್ಕ ಹಸುವಿನ ಗೊಂತಿಗೆ ಒರಗಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಮಡಿಲಕ್ಕಿ ಹಸಿರು ಕಣದಲ್ಲಿ ಗಂಟಾಗಿ ಅಕ್ಕನ ಟ್ರಂಕು ಸೇರಿತು. ಪ್ರತಿ ಸಂಕ್ರಾಂತಿಗೆ ಗಂಟು ಬಿಚ್ಚಿ, ಹುಳ ಬಿದ್ದ ಅಕ್ಕಿ ತೆಗೆದು ಹೊಸ ಅಕ್ಕಿ ಹಾಕುವಳು. "ಬಂದಾಗ ತುಂಬಾನ. ಅವ್ಳೇ ಅಂದವ್ಳಲ್ಲ ಬತ್ತೀನಿ ಅಂತ." ನೀಮಾ ಅಲ್ಲಿ ಟೀಚರ್ ಆದಳು. ಆಗಾಗ ಅಕ್ಕನಿಗೆ ಫೋನ್ ಮಾಡುವಳು. ಮರೆತುಹೋಗುತ್ತಿದ್ದ ಕನ್ನಡವನ್ನು ಎಳೆದು ತಂದು, ಬರುವ ಅವರೆ ಕಾಲಕ್ಕೆ ಬತ್ತೀನಿ ಅನ್ನುವಳು. ಪ್ರತಿ ಸಲವೂ ಏನಾದರೊಂದು ಅಡ್ಡಿ. ಈ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅಕ್ಕ ಹಾಲು ಕರೆಯುತ್ತ ಕೂತವಳು ಹಾಗೇ ಹಸುವಿನ ಪಕ್ಕಕ್ಕೆ ವಾಲಿದಳು. ಭಾವ ಓಡಿ ಬರುವಷ್ಟರಲ್ಲಿ ಉಸಿರು ಇರಲಿಲ್ಲ. ಹಸು ಕಾಲು ಕದಲಿಸದೆ ನಿಂತಿತ್ತಂತೆ. ಗಂಟು ಇನ್ನೂ ಟ್ರಂಕಿನಲ್ಲೇ ಇದೆ. ಈ ಸಂಕ್ರಾಂತಿಗೆ ಅಕ್ಕಿ ಬದಲಿಸುವವರು ಯಾರು ಅಂತ ಭಾವನನ್ನು ಕೇಳಲು ನನಗೆ ಬಾಯಿ ಬಂದಿಲ್ಲ.

ಅಕ್ಕನನ್ನು ಕಳಿಸಿ ಬಂದ ಸಂಜೆ ನೀಮಾಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಮಧ್ಯಾಹ್ನ. ನಾನು ಅವಳ ಜೊತೆ ಯಾವಾಗಲೂ ಇಂಗ್ಲಿಷಿನಲ್ಲೇ ಮಾತಾಡುವವಳು. ಅವಳು ಖುಷಿಯಿಂದ, "ಚಿಕ್ಕಮ್ಮ! ದೊಡ್ಡಮ್ಮ ಎಲ್ಲಿ?" ಅಂದಳು. ಊಟವಾಯಿತಾ ಅಂತ ಕೇಳಿದೆ. ಇನ್ನೂ ಇಲ್ಲ, ಈಗ ಸ್ಕೂಲಿಂದ ಬಂದೆ ಅಂದಳು.

"ಮೊದ್ಲು ಉಣ್ಣು," ಅಂದೆ. "ಆಮ್ಯಾಕೆ ಮಾತಾಡಾನ."

ಆ ಕಡೆಯಿಂದ ಬರೀ ಉಸಿರು ಕೇಳಿಸುತ್ತಿತ್ತು. ಆಮೇಲೆ ಫೋನ್ ಕಟ್ಟಾಯಿತು. ನಾನು ಅಕ್ಕನ ಜಗಲಿಯ ಮೇಲೆ ಫೋನ್ ಹಿಡಿದುಕೊಂಡು ಕುಳಿತೆ. ಭಾವ ಹಸುಗಳಿಗೆ ಹುಲ್ಲು ಹಾಕಿ ಬಂದರು. ಡೇರಿಗೆ ಹೋದ ಹೆಂಗಸರು ಖಾಲಿ ಕ್ಯಾನು ಹಿಡಿದು ವಾಪಸಾದರು. ಆಗ ಅವಳ ಫೋನ್ ಬಂತು.

"ಉಂಡೆ, ಚಿಕ್ಕಮ್ಮ," ಅಂದಳು. "ಈಗ ಸುದ್ದಿ ಏಳಿ."